ಸಣ್ಣ ಗುತ್ತಿಗೆದಾರರ ದಮ್ಮಸು ಯಂತ್ರಗಳು: ಯಾವುದು ಸ್ವಂತ, ಯಾವುದು ಬಾಡಿಗೆ?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಸಣ್ಣ ಗುತ್ತಿಗೆದಾರರ ಕೈಯಲ್ಲಿ ಒಂದೇ ಹಂಗಾಮಿನಲ್ಲಿ ನಾಲ್ಕಾರು ಬಗೆಯ ಕೆಲಸ ಇರುತ್ತವೆ. ಕುಡಿಯುವ ನೀರಿನ ಪೈಪಿನ ತಗ್ಗು ಮುಚ್ಚುವುದು, ಮನೆಯ ಪಾಯ ತುಂಬುವುದು, ಓಣಿಯ ಸಿಸಿ ರಸ್ತೆಗೆ ಗರಸು ಹಾಸುವುದು, ಶಾಲೆಯ ಅಂಗಳಕ್ಕೆ ಪೇವರ್ (ನೆಲಕ್ಕೆ ಜೋಡಿಸುವ ಸಿಮೆಂಟಿನ ಬಿಲ್ಲೆ), ಕಬ್ಬಿನ ಗಾಡಿ ಹೋಗುವ ಹೊಲದ ದಾರಿ, ನಡುವೆ ಒಂದಿಷ್ಟು ಡಾಂಬರಿನ ತೇಪೆ. ಒಂದೊಂದಕ್ಕೆ ಒಂದೊಂದು ಯಂತ್ರ ಕೊಂಡರೆ ಅರ್ಧ ವರ್ಷ ಅವು ತಾಡಪತ್ರಿ ಕೆಳಗೆ ನಿಂತಿರುತ್ತವೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಇಷ್ಟೂ ಕೆಲಸದಲ್ಲಿ ದಮ್ಮಸಿಗೆ, ಅಂದರೆ ಮಣ್ಣು ಗಟ್ಟಿಯಾಗಿ ಕೂಡಿಸುವುದಕ್ಕೆ, ಮೂರು ಸ್ವಂತ ಯಂತ್ರ ಸಾಕು: 65–70 ಕಿಲೋ ತೂಕದ ಜಂಪಿಂಗ್ ರ‍್ಯಾಮರ್, ಹಿಂದಕ್ಕೂ ಮುಂದಕ್ಕೂ ನಡೆಯುವ 160–200 ಕಿಲೋದ ಪ್ಲೇಟ್ ಕಾಂಪ್ಯಾಕ್ಟರ್, ಮತ್ತು ಸುಮಾರು 3 ಟನ್ನಿನ ಎರಡು ಡ್ರಮ್ಮಿನ ವೈಬ್ರೇಟರ್ ರೋಲರ್. 10–11 ಟನ್ನಿನ ದೊಡ್ಡ ಮಣ್ಣಿನ ರೋಲರ್ ಬೇಕಾದಾಗ ಬಾಡಿಗೆಗೆ ತರಬೇಕು. ಯಂತ್ರ ಆರಿಸುವ ಮೊದಲು ಮಣ್ಣು ನೋಡಬೇಕು. ಈ ಮೂರು ಜಿಲ್ಲೆಗಳಲ್ಲಿ ದಮ್ಮಸು ಕೆಡುವುದು ಬಹುಪಾಲು ಅಲ್ಲಿಯೇ.

ಮೊದಲು ಮಣ್ಣು

ಗರಸು, ಉಸುಕು, ಖಡಿ ಇವುಗಳ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ನಡುಗಿಸಿದರೆ ಸರಿದು ಸಂದಿ ತುಂಬಿ ಕೂಡುತ್ತವೆ. ಪ್ಲೇಟ್, ವೈಬ್ರೇಟರ್ ರೋಲರ್ ಎರಡೂ ಇದಕ್ಕೆ ಹೇಳಿ ಮಾಡಿಸಿದವು. ಎರೆಮಣ್ಣಿನ ಗುಣ ಬೇರೆ. ಅದರ ಸಣ್ಣ ಕಣಗಳು ಅಂಟಿಕೊಂಡಿರುತ್ತವೆ, ನಡುಕ ಒಳಗೆ ಹೋಗುವ ಮೊದಲೇ ಸತ್ತುಹೋಗುತ್ತದೆ. ಎರೆಮಣ್ಣಿಗೆ ಗುದ್ದು ಬೇಕು, ಇಲ್ಲವೇ ನಾದಿದಂಥ ಒತ್ತಡ ಬೇಕು. ಅಂದರೆ ರ‍್ಯಾಮರ್ ಅಥವಾ ಗುಬ್ಬಿಗಳಿರುವ ಪ್ಯಾಡ್‌ಫೂಟ್ ಡ್ರಮ್. ಎರೆಯ ಮೇಲೆ ಪ್ಲೇಟ್ ಎಷ್ಟು ಓಡಾಡಿಸಿದರೂ ಮೇಲಿನ ಎರಡು ಮೂರು ಇಂಚು ಹೊಳೆಯುತ್ತದೆ, ಕೆಳಗೆ ಹೆಂಟೆ ಹಾಗೇ ಉಳಿಯುತ್ತದೆ.

ಖಾನಾಪುರದ ಕಡೆ ಜಂಬಿಟ್ಟಿಗೆ ಮಣ್ಣು, ಇಳಕಲ್ಲಿನ ಕಡೆ ಕೆಂಪು ಮಸಾರಿ, ಸವದತ್ತಿಯಿಂದ ಡೋಣಿ ನದಿಯ ಬಯಲಿನವರೆಗೆ ಎರೆ. ಬಿಳಿಜೋಳಕ್ಕೆ ಚಿನ್ನದಂಥ ಈ ಡೋಣಿ ಸಾಲಿನ ಮಣ್ಣು ರಸ್ತೆಗೂ ಪಾಯಕ್ಕೂ ವೈರಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಎಷ್ಟು ಉಬ್ಬುತ್ತದೆಂದು ತಿಳಿಯಲು ಮಣ್ಣಿನ ಪರೀಕ್ಷೆಯ ಭಾರತೀಯ ಮಾನಕವಾದ ಐಎಸ್ 2720ರ ಭಾಗ 40ರ ಪರೀಕ್ಷೆ ಅಗ್ಗದ್ದು. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣು 10 ಗ್ರಾಂನಂತೆ ಎರಡು 100 ಮಿಲಿ ಅಳತೆ ಕೊಳವೆಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ ಗಾಳಿ ಬಿಡಿಸಿ, 24 ಗಂಟೆ ಬಿಡಿ. ನೀರಿನಲ್ಲಿ 22 ಮಿಲಿ, ಸೀಮೆಎಣ್ಣೆಯಲ್ಲಿ 11 ಮಿಲಿ ನಿಂತರೆ ಉಬ್ಬು ಶೇ 100. ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮದಂತೆ ಶೇ 50 ದಾಟಿದ ಮಣ್ಣು ರಸ್ತೆಯ ಭರ್ತಿಗೆ ಬರುವುದಿಲ್ಲ. ಅಂಥ ಮಣ್ಣನ್ನು ತುಳಿದು, ರೋಲರ್ ಬದಲಿಸಿ ಸರಿಮಾಡುವ ಯತ್ನ ವ್ಯರ್ಥ. ತೆಗೆದು ಗರಸು ತುಂಬಿ, ಇಲ್ಲವೇ ಪ್ರಯೋಗಾಲಯದ ಸಲಹೆಯಂತೆ ಸುಣ್ಣ ಬೆರೆಸಿ. ತೂಕದ ಶೇ 3ರಷ್ಟು ಸುಣ್ಣ ಎಂದರೆ ದಮ್ಮಸಾದ ಪ್ರತಿ ಘನ ಮೀಟರಿಗೆ ಸುಮಾರು 45 ಕಿಲೋ.

ಮೂರು ಯಂತ್ರ, ಎಲ್ಲೆಲ್ಲಿ

ರ‍್ಯಾಮರ್‌ನ ಪಾದ ಸಾಮಾನ್ಯವಾಗಿ 280 ಮಿಲಿಮೀಟರ್ ಅಗಲ. ನಿಮಿಷಕ್ಕೆ 600–700 ಏಟು ಹಾಕುತ್ತದೆ. ಪೈಪಿನ ತಗ್ಗು, ಪಾಯದ ಮೂಲೆ, ಮೋರಿಯ ಬದಿ, ಕಂಬದ ಸುತ್ತ, ಎಲ್ಲಿ ಇಕ್ಕಟ್ಟು ಇದೆಯೋ ಎಲ್ಲಿ ಜಿಗುಟು ಮಣ್ಣಿದೆಯೋ ಅಲ್ಲೆಲ್ಲ ಇದೇ. ಸಡಿಲ ಮಣ್ಣಿನ ಪದರ 200 ಮಿಲಿಮೀಟರಿಗಿಂತ ದಪ್ಪ ಬೇಡ. ಗಟ್ಟಿ ಕಾಂಕ್ರೀಟಿನ ಮೇಲೆ ಓಡಿಸಿದರೆ ಏಟು ತಿರುಗಿ ಯಂತ್ರಕ್ಕೇ ಬೀಳುತ್ತದೆ, ಪಾದ ಸೀಳುತ್ತದೆ.

ಈ ಮೂರರಲ್ಲಿ ಬಹುಮುಖಿ ಎಂದರೆ ಪ್ಲೇಟ್ ಕಾಂಪ್ಯಾಕ್ಟರ್, ಅದೂ ಎರಡೂ ದಿಕ್ಕಿಗೆ ನಡೆಯುವಂಥದ್ದು. 80–100 ಕಿಲೋದ ಒಂದೇ ದಿಕ್ಕಿನ ಪ್ಲೇಟ್ ಅಗ್ಗ ನಿಜ; ಆದರೆ ಪಾಯದ ಕೋಣೆಯೊಳಗೆ ಪ್ರತಿ ತುದಿಯಲ್ಲೂ ಅದನ್ನು ಎಳೆದು ತಿರುಗಿಸಬೇಕು, ಗರಸಿನ 100 ಮಿಲಿಮೀಟರ್ ದಾಟಿದ ಪದರಕ್ಕೆ ಶಕ್ತಿ ಸಾಲದು. ದೊಡ್ಡ ಪ್ಲೇಟಿಗೆ ಎರಡು ಜೋಡಣೆ ಕೂಡಿಸಿ ಕೊಳ್ಳಿ: ಅಡಿಗೆ ಬಿಗಿಯುವ ರಬ್ಬರ್ ಹಾಸು ಮತ್ತು ನೀರಿನ ತೊಟ್ಟಿ. ಹಾಸು ಬಿಗಿದರೆ ಪೇವರ್ ಒಡೆಯದೆ ಕೂಡುತ್ತದೆ, ತೊಟ್ಟಿ ಇಟ್ಟರೆ ಡಾಂಬರಿನ ತೇಪೆ ಅಂಟುವುದಿಲ್ಲ, ಎರಡೂ ಕಳಚಿದರೆ ಗರಸು. ಪೇವರ್ ಕೂಡಿಸುವಾಗ ಮೊದಲು ಸಂದಿಗೆ ಉಸುಕು ಹಾಕದೆ ಎರಡು ಸಲ, ಆಮೇಲೆ ಒಣ ಸಣ್ಣ ಉಸುಕು ಗುಡಿಸಿ ಮತ್ತೆ ಎರಡು ಸಲ. ಅಂಚಿನ ಕಲ್ಲು ಇನ್ನೂ ಕೂಡಿಸದ ಕಡೆಯಿಂದ ಒಂದು ಮೀಟರ್ ಒಳಗೇ ನಿಲ್ಲಬೇಕು, ಇಲ್ಲದಿದ್ದರೆ ಸಾಲು ಹೊರಗೆ ಸರಿಯುತ್ತದೆ.

3 ಟನ್ನಿನ ರೋಲರ್ ಓಣಿಯ ರಸ್ತೆ, ಅಂಗಳ, ತೆಳು ಡಾಂಬರು, ರಸ್ತೆಯ ಬದಿಯ ಪಟ್ಟಿ ಎಲ್ಲಕ್ಕೂ ಬರುತ್ತದೆ. ದಮ್ಮಸಾದ ಮೇಲೆ 75–100 ಮಿಲಿಮೀಟರ್ ಉಳಿಯುವ ಗರಸಿನ ಪದರದವರೆಗೆ ಇದನ್ನು ನಂಬಬಹುದು. ಇದಕ್ಕಿಂತ ದಪ್ಪಕ್ಕೆ, ಅಥವಾ ಟೆಂಡರಿನಲ್ಲಿ 80–100 ಕಿಲೋನ್ಯೂಟನ್ (ಸುಮಾರು 8–10 ಟನ್) ತೂಕದ ರೋಲರ್ ಎಂದು ಬರೆದಿದ್ದರೆ, ಇದನ್ನು ನಿಲ್ಲಿಸಿ ಎಂಜಿನಿಯರ್ ಜೊತೆ ವಾದ ಮಾಡಬೇಡಿ. ಅದು ಬಾಡಿಗೆ ಯಂತ್ರದ ಕೆಲಸ.

ನೀರಿನ ಲೆಕ್ಕ

ಹದ ತಪ್ಪಿದ ಮಣ್ಣಿಗೆ ಯಾವ ಯಂತ್ರವೂ ಉತ್ತರವಲ್ಲ. ಒಣಗಿದ್ದರೆ ಕಣಗಳು ಸರಿಯುವುದಿಲ್ಲ, ಹೆಚ್ಚು ನೀರಿದ್ದರೆ ನೀರೇ ಜಾಗ ಹಿಡಿದುಕೊಳ್ಳುತ್ತದೆ. ಗರಸಿಗೆ ಹದದ ನೀರು ಸಾಮಾನ್ಯವಾಗಿ ಶೇ 8ರಿಂದ 13, ಎರೆಗೆ ಶೇ 20 ದಾಟುತ್ತದೆ. ನಿಖರ ಅಂಕಿ ಪ್ರಾಕ್ಟರ್ ಪರೀಕ್ಷೆಯಿಂದ ಬರಬೇಕು; ಮಣ್ಣನ್ನು ಸುತ್ತಿಗೆಯಿಂದ ಬಡಿದು ಎಷ್ಟು ನೀರಿಗೆ ಅತಿ ಹೆಚ್ಚು ಸಾಂದ್ರತೆ ಬರುತ್ತದೆಂದು ಅದು ಹೇಳುತ್ತದೆ. ಟೆಂಡರ್ ಯಾವ ಪರೀಕ್ಷೆ ಕೇಳಿದೆ ಎಂದು ಓದಿಕೊಳ್ಳಿ: ಐಎಸ್ 2720 ಭಾಗ 7ರಲ್ಲಿ 2.6 ಕಿಲೋ ಸುತ್ತಿಗೆ, ಭಾಗ 8ರಲ್ಲಿ 4.9 ಕಿಲೋ. ಎರಡರ ಸಾಂದ್ರತೆಯೂ ಬೇರೆ, ಹದದ ನೀರೂ ಬೇರೆ. ಒಂದರ ವರದಿ ಹಿಡಿದು ಇನ್ನೊಂದರ ಶೇಕಡಾವಾರು ಲೆಕ್ಕ ಹಾಕಿದ ಬಿಲ್ಲು ತಪಾಸಣೆಯಲ್ಲಿ ನಿಲ್ಲುವುದಿಲ್ಲ.

ಟ್ಯಾಂಕರ್ ಎಷ್ಟು ಬೇಕು ಎಂದು ಹೀಗೆ ಎಣಿಸಿ. 3.75 ಮೀಟರ್ ಅಗಲ, 100 ಮೀಟರ್ ಉದ್ದ, ದಮ್ಮಸಾದ ಮೇಲೆ 150 ಮಿಲಿಮೀಟರ್ ದಪ್ಪ ಎಂದರೆ 56.25 ಘನ ಮೀಟರ್. ಒಣ ಸಾಂದ್ರತೆ ಘನ ಮೀಟರಿಗೆ 2 ಟನ್ ಹಿಡಿದರೆ 112.5 ಟನ್ ಗರಸು. ಗುಡ್ಡದಿಂದ ಬಂದ ಗರಸಿನಲ್ಲಿ ಶೇ 4 ನೀರಿದೆ, ಹದಕ್ಕೆ ಶೇ 9 ಬೇಕು. ವ್ಯತ್ಯಾಸ ಶೇ 5, ಅಂದರೆ ಸುಮಾರು 5,600 ಲೀಟರ್. 5,000 ಲೀಟರಿನ ಒಂದು ಟ್ಯಾಂಕರ್ ಸಾಲದು. ಏಪ್ರಿಲ್–ಮೇ ಬಿಸಿಲಿನಲ್ಲಿ ಆರಿಹೋಗುವುದನ್ನೂ ಸೇರಿಸಿ ಎರಡನೆಯದನ್ನು ಕರೆಸಿಟ್ಟುಕೊಳ್ಳಿ. ಸಂಜೆ ಗರಸು ಹರಡಿ ನೀರು ಬಿಟ್ಟು, ರಾತ್ರಿ ನೆನೆಯಲು ಬಿಟ್ಟು, ಮುಂಜಾನೆ ಒಮ್ಮೆ ತಿರುವಿ ಹಾಕಿ ರೋಲರ್ ಏರಿಸುವ ಪದ್ಧತಿ ನಮ್ಮ ಬಿಸಿಲಿಗೆ ತಕ್ಕದ್ದು. ಮಧ್ಯಾಹ್ನ ರೋಲರ್ ಮುಂದೆ ಪೈಪ್ ಹಿಡಿದು ನೀರು ಹೊಡೆದರೆ ಮೇಲೆ ಕೆಸರು, ಕೆಳಗೆ ಧೂಳು.

ಸ್ಥಳದಲ್ಲಿ ಕೈಯ ಪರೀಕ್ಷೆ: ಗರಸನ್ನು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಮೊಣಕಾಲೆತ್ತರದಿಂದ ಬಿಟ್ಟರೆ ನಾಲ್ಕಾರು ಚೂರಾಗಬೇಕು. ಪುಡಿಯಾದರೆ ಒಣ, ಚಪ್ಪಟೆಯಾದರೆ ಹಸಿ.

ಎಷ್ಟು ಸಲ ಓಡಿಸಬೇಕು?

ಇದನ್ನು ಊಹಿಸಬಾರದು. ಮೊದಲ ದಿನ 20–30 ಮೀಟರಿನ ಒಂದು ಪಟ್ಟಿ ಮಾಡಿ, 4, 6, 8 ಸಲ ಓಡಿಸಿದ ಮೇಲೆ ಕುಳಿ ತೋಡಿ ಉಸುಕು ತುಂಬುವ ವಿಧಾನದಿಂದ (ಐಎಸ್ 2720 ಭಾಗ 28) ಸಾಂದ್ರತೆ ಅಳೆಯಿರಿ. ಉದಾಹರಣೆಗೆ, ತೋಡಿದ ಕುಳಿಯ ಮಣ್ಣು 3.15 ಕಿಲೋ, ಕುಳಿಯ ಗಾತ್ರ 1.5 ಲೀಟರ್; ಹಸಿ ಸಾಂದ್ರತೆ 2.10. ನೀರು ಶೇ 9 ಇದ್ದರೆ ಒಣ ಸಾಂದ್ರತೆ 2.10 ÷ 1.09 = 1.927. ಪ್ರಯೋಗಾಲಯದ ಗರಿಷ್ಠ 2.00 ಆಗಿದ್ದರೆ ಶೇ 96.3. ಹೆದ್ದಾರಿ ನಿಯಮದ ಸಬ್‌ಗ್ರೇಡಿಗೆ (ರಸ್ತೆಯ ಪದರಗಳ ಕೆಳಗಿನ ಮಣ್ಣಿನ ಹಾಸಿಗೆ) ಶೇ 97 ಬೇಕು. ನೀರು ಹದದಲ್ಲಿದ್ದರೆ ಇನ್ನೆರಡು ಸಲ ಓಡಿಸಿ. ನೀರು ಕಡಿಮೆ ಇದ್ದರೆ ಎಷ್ಟು ಓಡಿಸಿದರೂ ಏರುವುದಿಲ್ಲ, ಅಗೆದು ನೀರು ಹಾಕಿಯೇ ತೀರಬೇಕು. ಸಾಂದ್ರತೆ ಏರುವುದು ನಿಂತ ಸಂಖ್ಯೆಯೇ ಆ ಗರಸಿಗೆ, ಆ ಯಂತ್ರಕ್ಕೆ ಸರಿಯಾದ ಸಂಖ್ಯೆ. ಗುಡ್ಡ ಬದಲಾದರೆ ಪಟ್ಟಿಯೂ ಹೊಸದಾಗಿ.

ಉರುಳಿಸುವುದು ಅಂಚಿನಿಂದ ನಡುವಿಗೆ, ತಿರುವಿನಲ್ಲಿ ತಗ್ಗಿನಿಂದ ಎತ್ತರಕ್ಕೆ. ಪ್ರತಿ ಸಾಲು ಹಿಂದಿನ ಸಾಲಿನ ಮೂರನೇ ಒಂದು ಭಾಗ ಮುಚ್ಚಬೇಕು, ವೇಗ ಗಂಟೆಗೆ 5 ಕಿಲೋಮೀಟರ್ ಮೀರಬಾರದು. ದಪ್ಪ ಪದರಕ್ಕೆ ದೊಡ್ಡ ಕುಲುಕು (ಡ್ರಮ್ಮಿನ ನಡುಕ), ಕೊನೆಯ ಎರಡು ಸಲಕ್ಕೆ ಸಣ್ಣ ಕುಲುಕು. ಪದರ ಗಟ್ಟಿಯಾದ ಮೇಲೂ ಕುಲುಕುತ್ತಿದ್ದರೆ ಡ್ರಮ್ ಮೇಲಕ್ಕೆ ಪುಟಿಯತೊಡಗುತ್ತದೆ. ಅದು ನಿಲ್ಲಿಸಿ ಎಂಬ ಸೂಚನೆ. ಮುಂದುವರಿಸಿದರೆ ಜಂಬಿಟ್ಟಿಗೆ ಗರಸು ಪುಡಿಯಾಗುತ್ತದೆ, ಬೇರಿಂಗ್ ಸವೆಯುತ್ತದೆ. ರೋಲರ್ ಹೋದಂತೆ ನೆಲ ಅಲೆಯಾಗಿ ಏಳುತ್ತಿದ್ದರೆ ಕೆಳಗೆ ಹಸಿ ಎರೆ ಇದೆ. ಮೇಲೆ ಗರಸು ಸುರಿದು ಮುಚ್ಚಿದರೆ ಮುಂದಿನ ಮಳೆಗೆ ಅದು ಬಾಯಿ ಬಿಡುತ್ತದೆ. ಅಗೆದು ಒಣಗಿಸಿ, ಇಲ್ಲವೇ ತೆಗೆದುಹಾಕಿ.

ಡಾಂಬರಿಗೆ ಗಡಿಯಾರಕ್ಕಿಂತ ಉಷ್ಣಮಾಪಕ ಮುಖ್ಯ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ, ಉರುಳಿಸುವಾಗ ಕನಿಷ್ಠ 90 ಡಿಗ್ರಿ ಇರಬೇಕು.

ಪೈಪಿನ ತಗ್ಗು

ತಗ್ಗಿನ ಅಗಲವನ್ನೇ ಯಂತ್ರಕ್ಕೆ ಹೊಂದಿಸಿ. ಜೆಸಿಬಿಯ ಎರಡಡಿ ಬಕೆಟ್ಟಿನ ತಗ್ಗಿಗೆ ರ‍್ಯಾಮರ್ ಎರಡು ಸಾಲಿನಲ್ಲಿ ಸರಿಹೋಗುತ್ತದೆ. ಪೈಪಿನ ಎರಡೂ ಬದಿ ಉಸುಕು ತುಂಬಿ ಕೈಯಿಂದ ದಮ್ಮಸು ಮಾಡಿ. ಪೈಪಿನ ನೆತ್ತಿಯ ಮೇಲೆ 300 ಮಿಲಿಮೀಟರ್ ಬರುವವರೆಗೆ ಯಂತ್ರ ಇಳಿಸಬೇಡಿ, ಆಮೇಲೆ 150 ಮಿಲಿಮೀಟರಿನ ಪದರಗಳು. ಅಗೆದ ಎರೆ ಹೆಂಟೆಯನ್ನೇ ಒಮ್ಮೆಗೆ ತಳ್ಳಿ ಮೇಲೆ ರೋಲರ್ ಓಡಿಸಿದ ಓಣಿಗಳು ಮೊದಲ ಮಳೆಗೇ ಕುಸಿಯುತ್ತವೆ, ನಲ್ಲಿಯ ಪೈಪು ಕಳಚುತ್ತದೆ, ಮನೆಯವರು ಕೆಸರು ನೀರು ಕುಡಿಯುತ್ತಾರೆ.

ಒಂದೂವರೆ ಮೀಟರಿಗಿಂತ ಆಳವಾದರೆ ಬದಿಗೆ ಹಲಗೆ ಆನಿಸದೆ ಯಾರನ್ನೂ ಇಳಿಸಬಾರದು. ಬಿರಿದ ಎರೆ ಗೋಡೆ ಸದ್ದಿಲ್ಲದೆ ಕುಸಿಯುತ್ತದೆ. ಪೆಟ್ರೋಲ್ ರ‍್ಯಾಮರ್‌ನ ಹೊಗೆಯೂ ಆಳದಲ್ಲಿ ನಿಂತುಬಿಡುತ್ತದೆ, ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಅಂಥ ಕಡೆ ಜೆಸಿಬಿಯ ತೋಳಿಗೆ ಜೋಡಿಸುವ ಹೈಡ್ರಾಲಿಕ್ ಪ್ಲೇಟ್ ಬಾಡಿಗೆಗೆ ತನ್ನಿ. ಕೆಳಗೆ ಮನುಷ್ಯನೇ ಬೇಕಿಲ್ಲ. ತರುವ ಮೊದಲು ನಿಮ್ಮ ಜೆಸಿಬಿಗೆ ಹೆಚ್ಚುವರಿ ಹೈಡ್ರಾಲಿಕ್ ಲೈನ್ ಇದೆಯೇ, ಎಣ್ಣೆಯ ಹರಿವು ಸಾಕೇ ಎಂದು ಕೇಳಿ.

ಬಾಡಿಗೆ ರೋಲರಿನ ದಿನ

ದೊಡ್ಡ ರೋಲರ್ ಗಂಟೆಗೆ ಎಷ್ಟು ಮುಗಿಸುತ್ತದೆ? ಹಿಂದಿನ ಸಾಲಿನ ಮೇಲೆ ಬೀಳುವ ಮೂರನೇ ಒಂದು ಭಾಗ ಕಳೆದು ಡ್ರಮ್ಮಿನ ಅಗಲ 1.4 ಮೀಟರ್, ವೇಗ ಗಂಟೆಗೆ 4,000 ಮೀಟರ್, 8 ಸಲ, ಗಂಟೆಯಲ್ಲಿ ಮುಕ್ಕಾಲು ಪಾಲು ಕೆಲಸ: 1.4 × 4,000 × 0.75 ÷ 8 = 525 ಚದರ ಮೀಟರ್. 3.75 ಮೀಟರ್ ಅಗಲದ ಒಂದು ಕಿಲೋಮೀಟರ್ ಹೊಲದ ದಾರಿಯ ಒಂದು ಪದರ ಸುಮಾರು ಏಳು ಗಂಟೆಯಲ್ಲಿ ಆಗುತ್ತದೆ. ಆದರೆ ಆ ಪದರಕ್ಕೆ 150 ಮಿಲಿಮೀಟರಿನ ಲೆಕ್ಕದಲ್ಲಿ ದಮ್ಮಸಾದ ಗರಸು ಸುಮಾರು 560 ಘನ ಮೀಟರ್, ಟಿಪ್ಪರಿನಲ್ಲಿ ಬರುವ ಸಡಿಲ ಗರಸು ಸುಮಾರು 730, ಹತ್ತು ಘನ ಮೀಟರಿನ ಟಿಪ್ಪರಿಗೆ ಎಪ್ಪತ್ತಕ್ಕೂ ಹೆಚ್ಚು ಟ್ರಿಪ್. ಕೆಲಸ ತಡೆಯುವುದು ರೋಲರ್ ಅಲ್ಲ, ಟಿಪ್ಪರ್. ಗರಸು ಬಿದ್ದು, ಹರಡಿ, ನೆನೆದ ಮೇಲೆಯೇ ರೋಲರ್ ಕರೆಸಿ.

ಎರೆ ಮತ್ತು ಗರಸು ಎರಡೂ ಇರುವ ಕೆಲಸಕ್ಕೆ ಎರಡು ರೋಲರ್ ತರುವ ಅಗತ್ಯವಿಲ್ಲ. ನಯವಾದ ಡ್ರಮ್ಮಿಗೆ ಬೋಲ್ಟ್ ಹಾಕಿ ಬಿಗಿಯುವ ಪ್ಯಾಡ್‌ಫೂಟ್ ಕವಚ ಸಿಗುತ್ತದೆ, ಬಾಡಿಗೆಯ ಮಾತಿನಲ್ಲೇ ಅದನ್ನೂ ಸೇರಿಸಿ. ತೂಕ ಟನ್ನುಗಟ್ಟಲೆ ಇರುವುದರಿಂದ ಎತ್ತಲು ಜೆಸಿಬಿ ಬೇಕು. ಡ್ರಮ್ಮಿಗೆ ಅಂಟಿದ ಮಣ್ಣು ಪೂರ್ತಿ ಕೆರೆಯದೆ ಕೂಡಿಸಿದರೆ ಕವಚ ಅಲುಗಾಡಿ ಬೋಲ್ಟ್ ಕತ್ತರಿಸುತ್ತದೆ. ಮೊದಲ ಕೆಲವು ಗಂಟೆಯ ನಂತರ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿಯಿರಿ. ಕವಚದ ಸಮೇತ ಡಾಂಬರು ರಸ್ತೆಯ ಮೇಲೆ ಹೋಗಕೂಡದು.

ಹಳೆಯ ಮಣ್ಣಿನ ಗೋಡೆಯ ಮನೆಗಳ ನಡುವೆ ಕುಲುಕು ಬಂದ್ ಮಾಡಿ, ಪದರ ತೆಳುಮಾಡಿ, ಬರೀ ತೂಕದಿಂದ ಉರುಳಿಸಿ. ವಿಜಯಪುರ ನಗರದಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕೆಲಸ ಹಿಡಿಯುವ ಮೊದಲೇ ಅನುಮತಿಯ ಕಾಗದ ಕೇಳಿ ಪಡೆಯಿರಿ.

ಕೊಳ್ಳುವ ಲೆಕ್ಕ, ಉಳಿಸುವ ಕ್ರಮ

ಕಂತು, ವಿಮೆ, ಚಾಲಕನ ಸಂಬಳ, ರಿಪೇರಿ ಇವುಗಳ ವರ್ಷದ ಮೊತ್ತವನ್ನು ಯಂತ್ರ ನಿಜವಾಗಿ ದುಡಿದ ದಿನಗಳಿಂದ ಭಾಗಿಸಿ. ಬಂದ ಅಂಕಿ ಸಾಗಣೆ ಸೇರಿದ ಬಾಡಿಗೆಗಿಂತ ಹೆಚ್ಚಿದ್ದರೆ ಆ ಯಂತ್ರ ಸ್ವಂತಕ್ಕೆ ಬೇಡ. ದುಡಿದ ದಿನ ನೆನಪಿನಿಂದ ಹೇಳಬೇಡಿ, ಗಂಟೆ ಮೀಟರ್ ನೋಡಿ ವಹಿಯಲ್ಲಿ ಬರೆಯಿರಿ. ರ‍್ಯಾಮರ್ ಮತ್ತು ಪ್ಲೇಟಿಗೆ ಸಾಧ್ಯವಾದಷ್ಟು ಒಂದೇ ಕಂಪನಿಯ ಎಂಜಿನ್ ಆರಿಸಿ. ಆಯಿಲ್, ಪ್ಲಗ್, ಮಿಸ್ತ್ರಿ ಎಲ್ಲ ಒಂದೇ ಆಗುತ್ತದೆ. ಸ್ಥಳದ ಪೆಟ್ಟಿಗೆಯಲ್ಲಿ ಇರಬೇಕಾದವು: ವಿ-ಬೆಲ್ಟ್, ಏರ್ ಫಿಲ್ಟರ್, ಪ್ಲಗ್, ರ‍್ಯಾಮರ್ ಪಾದದ ಬೋಲ್ಟ್. ಗರಸಿನ ಧೂಳಿನಲ್ಲಿ ಏರ್ ಫಿಲ್ಟರ್ ದಿನಾಲೂ ಝಾಡಿಸಬೇಕು. ಸಣ್ಣ ಎಂಜಿನ್ನುಗಳು ಸಾಯುವುದು ಬಹುತೇಕ ಧೂಳಿನಿಂದಲೇ.

ರೋಲರ್ ಟಿಪ್ಪರಿಗೆ ಏರಿಸುವಾಗ ಅಂಚು ಒಂದು ಮೀಟರ್ ಎತ್ತರವಿದ್ದರೆ ಹಲಗೆ ನಾಲ್ಕು ಮೀಟರ್ ಇರಲಿ. ಉಕ್ಕಿನ ಹಲಗೆ, ಉಕ್ಕಿನ ಡ್ರಮ್ ಜಾರುತ್ತವೆ, ಮೇಲೆ ಹಳೆಯ ಕನ್ವೇಯರ್ ಬೆಲ್ಟ್ ಹಾಸಿ. ಏರಿದ ಮೇಲೆ ರೋಲರಿನ ಎರಡು ಭಾಗ ಕೂಡುವ ನಡುವಿನ ಕೀಲಿಗೆ ಲಾಕ್ ಪಿನ್, ನಾಲ್ಕೂ ಕಡೆ ಸರಪಳಿ.

ಡ್ರಮ್ಮಿನ ಸ್ಕ್ರೇಪರ್, ಪಿನ್, ಬುಷ್‌ಗಳನ್ನು ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪುಗಳಲ್ಲಿ ಮಾಡಿಸಿಕೊಳ್ಳಬಹುದು. ಕುಲುಕುವ ಶಾಫ್ಟಿನ ಬೇರಿಂಗ್ ಮಾತ್ರ ಯಂತ್ರದ ಕೈಪಿಡಿ ಹೇಳಿದ ನಂಬರಿನದೇ ಆಗಿರಬೇಕು, ಅದರ ಕೊನೆಯ ಅಕ್ಷರಗಳ ಸಮೇತ. ಅಲ್ಲಿ ಸಾಮಾನ್ಯವಾಗಿ ಸಿ4 ಎಂಬ ಹೆಚ್ಚು ಸಡಿಲದ ಬೇರಿಂಗ್ ಇರುತ್ತದೆ. ಅದೇ ಅಳತೆಯ ಮಾಮೂಲಿ ಬೇರಿಂಗ್ ಕೂಡುತ್ತದೆ, ತಿರುಗುತ್ತದೆ, ಬಿಸಿಗೆ ಹಿಗ್ಗಿ ಕೆಲವೇ ದಿನದಲ್ಲಿ ಸುಟ್ಟು ಶಾಫ್ಟನ್ನೂ ಹಾಳುಮಾಡುತ್ತದೆ.