ಸಣ್ಣ ಏರ್‌ಬ್ರಶ್ ಕಂಪ್ರೆಸರ್‌ಗೆ ಏರ್ ಟ್ಯಾಂಕ್ ಸೇರಿಸುವುದು ಹೇಗೆ

ಟ್ಯಾಂಕ್ ಇಲ್ಲದ ಪುಟ್ಟ ಕಂಪ್ರೆಸರ್‌ನಲ್ಲಿ ಏರ್‌ಬ್ರಶ್ (ಗಾಳಿಯ ಬಲದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಬಳಸುವವರಿಗೆ ಎರಡು ಕಿರಿಕಿರಿ ಇದ್ದೇ ಇರುತ್ತವೆ. ತೆಳುವಾದ ಗೆರೆ ಎಳೆಯುವಾಗ ಬಣ್ಣ ಒಂದೇ ಸಮನೆ ಬರುವುದಿಲ್ಲ, ಸಣ್ಣಗೆ ಅದುರಿದ ಹಾಗೆ ಕಾಣುತ್ತದೆ. ಜೊತೆಗೆ ಟ್ರಿಗರ್ ಒತ್ತಿದ ಒಂದೆರಡು ಕ್ಷಣಕ್ಕೇ ಮೋಟಾರ್ ಗುರ್ ಅಂತ ಶುರುವಾಗುತ್ತದೆ, ಬಿಟ್ಟರೆ ನಿಲ್ಲುತ್ತದೆ, ಮತ್ತೆ ಶುರು. ರಾತ್ರಿ ಹೊತ್ತು ಮನೆಯಲ್ಲಿ ಕೂತು ಪೇಂಟ್ ಮಾಡುವವರಿಗೆ ಇದೇ ದೊಡ್ಡ ತಲೆನೋವು.

ಕಾರಣ ಸರಳ. ಪಿಸ್ಟನ್ ಗಾಳಿಯನ್ನು ಹರಿಸುವುದಿಲ್ಲ, ತಳ್ಳಿ ತಳ್ಳಿ ಕಳಿಸುತ್ತದೆ. ಮೋಟಾರ್ ನಿಮಿಷಕ್ಕೆ 1450 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 24 ತಳ್ಳು. ಮಧ್ಯೆ ಒಂದು ಟ್ಯಾಂಕ್ ಇದ್ದರೆ ಈ ತಳ್ಳುಗಳೆಲ್ಲ ಅದರೊಳಗೇ ಕರಗಿಹೋಗಿ, ಆಚೆ ಕಡೆಯಿಂದ ಗಾಳಿ ಸಮವಾಗಿ ಬರುತ್ತದೆ. ಮೋಟಾರಿಗೂ ಆಗಾಗ ವಿಶ್ರಾಂತಿ ಸಿಗುತ್ತದೆ.

ಮೊದಲು ನಿಮ್ಮ ಕಂಪ್ರೆಸರ್ ಯಾವುದು ಅಂತ ನೋಡಿಕೊಳ್ಳಿ. ನಾನಿಲ್ಲಿ ಹೇಳುತ್ತಿರುವುದು ಎಎಸ್ 18 ಮಾದರಿಯ ಒಂದೇ ಪಿಸ್ಟನ್‌ನ, ಎಣ್ಣೆ ಬೇಡದ ಕಂಪ್ರೆಸರ್ ಬಗ್ಗೆ. ಬೇರೆ ಬೇರೆ ಬ್ರಾಂಡ್ ಹೆಸರಿನಲ್ಲಿ ಸಿಗುವುದು ಹೆಚ್ಚುಕಡಿಮೆ ಇದೇ ಯಂತ್ರ. ನಿಮಿಷಕ್ಕೆ 20 ಲೀಟರ್‌ಗೂ ಸ್ವಲ್ಪ ಜಾಸ್ತಿ ಗಾಳಿ ಅಂತ ಬರೆದಿರುತ್ತಾರೆ. ಒತ್ತಡ ಸುಮಾರು 4 ಬಾರ್‌ಗೆ, ಅಂದರೆ 57 ಪಿಎಸ್‌ಐಗೆ (ಎರಡೂ ಒತ್ತಡದ ಅಳತೆಗಳೇ), ಏರಿದಾಗ ತಾನೇ ನಿಲ್ಲುತ್ತದೆ, 3 ಬಾರ್‌ಗೆ ಇಳಿದಾಗ ತಾನೇ ಶುರುವಾಗುತ್ತದೆ. ಈ ತಾನೇ ನಿಲ್ಲುವ ಗುಣ ನಿಮ್ಮದರಲ್ಲಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಬೇರೆ ಪ್ರೆಶರ್ ಸ್ವಿಚ್ (ಒತ್ತಡ ನೋಡಿ ಮೋಟಾರ್ ನಿಲ್ಲಿಸುವ, ಶುರು ಮಾಡುವ ಸ್ವಿಚ್) ಹಾಕಲೇಬೇಕು, ಇಲ್ಲವಾದರೆ ಟ್ಯಾಂಕ್ ತುಂಬಿದ ಮೇಲೂ ಮೋಟಾರ್ ದಬ್ಬುತ್ತಲೇ ಇರುತ್ತದೆ. ಇನ್ನು ಏರ್‌ಬ್ರಶ್ ಬುಡಕ್ಕೇ ಸಿಕ್ಕಿಸುವ ಚಾರ್ಜಿಂಗ್ ಮಿನಿ ಕಂಪ್ರೆಸರ್ ಇದೆಯಲ್ಲ, ಅದಕ್ಕೆ ಟ್ಯಾಂಕ್ ಹಾಕುವ ಯೋಚನೆಯನ್ನೇ ಬಿಟ್ಟುಬಿಡಿ.

ಎಷ್ಟು ಲೀಟರಿನ ಟ್ಯಾಂಕ್ ಬೇಕು? ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. 10 ಲೀಟರ್ ಟ್ಯಾಂಕ್ 4 ಬಾರ್‌ನಿಂದ 3 ಬಾರ್‌ಗೆ ಇಳಿಯುವಷ್ಟರಲ್ಲಿ ಹೊರಗಿನ ಒತ್ತಡದ ಲೆಕ್ಕದಲ್ಲಿ 10 ಲೀಟರ್ ಗಾಳಿ ಕೊಡುತ್ತದೆ. ನಿಮ್ಮ ಏರ್‌ಬ್ರಶ್ ನಿಮಿಷಕ್ಕೆ 10 ಲೀಟರ್ ಎಳೆಯುತ್ತದೆ ಅಂದುಕೊಂಡರೆ, ಬಿಡದೆ ಸ್ಪ್ರೇ ಮಾಡಿದರೂ ಒಂದು ನಿಮಿಷ ಮೋಟಾರ್ ಸದ್ದಿಲ್ಲ. ನಾವು ಬಿಟ್ಟು ಬಿಟ್ಟು ತಾನೇ ಒತ್ತುವುದು, ಹಾಗಾಗಿ ನಿಜದಲ್ಲಿ ಇನ್ನೂ ಜಾಸ್ತಿ ಹೊತ್ತು ಸಿಗುತ್ತದೆ. ಕೆಲವು ಕಂಪ್ರೆಸರ್‌ಗಳ ಜೊತೆಗೇ ಬರುವ 3 ಲೀಟರ್ ಟ್ಯಾಂಕ್ ಇದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ 25 ಲೀಟರ್ ಟ್ಯಾಂಕ್ ತಂದರೆ ಖಾಲಿಯಿಂದ 4 ಬಾರ್‌ವರೆಗೆ ತುಂಬಲು 100 ಲೀಟರ್ ಗಾಳಿ ಬೇಕು. ಡಬ್ಬದ ಮೇಲೆ 20 ಲೀಟರ್ ಅಂತ ಇದ್ದರೂ ಒತ್ತಡ ಏರಿದ ಹಾಗೆ ಅಷ್ಟು ಬರುವುದಿಲ್ಲ. ಅಷ್ಟು ಹೊತ್ತು ಒಂದೇ ಸಮನೆ ಓಡಿದರೆ ಈ ಪುಟ್ಟ ಮೋಟಾರ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. 5ರಿಂದ 10 ಲೀಟರ್ ಸಾಕು.

ಈಗ ಮುಖ್ಯ ವಿಷಯ. ಬೇರೆ ಎಲ್ಲಿ ಬೇಕಾದರೂ ದುಡ್ಡು ಉಳಿಸಿ, ಟ್ಯಾಂಕ್ ವಿಷಯದಲ್ಲಿ ಮಾತ್ರ ಬೇಡ. 4 ಬಾರ್ ಅಂದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 4 ಕೆಜಿ ಭಾರ. 15 ಸೆಂಟಿಮೀಟರ್ ಅಗಲದ ಟ್ಯಾಂಕಿನ ಒಂದು ತುದಿಯ ಮುಚ್ಚಳದ ಮೇಲೆ ಒಟ್ಟು 700 ಕೆಜಿ ಹತ್ತಿರ ಒತ್ತುತ್ತಿರುತ್ತದೆ. ಅದೂ ನಿಮ್ಮ ಟೇಬಲ್ ಕೆಳಗೆ, ಕಾಲ ಪಕ್ಕದಲ್ಲೇ. ಪಿವಿಸಿ ಪೈಪಿಗೆ ಎರಡು ಕಡೆ ಕ್ಯಾಪ್ ಅಂಟಿಸಿ ಟ್ಯಾಂಕ್ ಮಾಡುವ ವಿಡಿಯೋಗಳು ಬೇಕಾದಷ್ಟಿವೆ, ನೋಡಿ, ನಕ್ಕು, ಮುಂದೆ ಹೋಗಿ. ಆ ಪೈಪ್ ನೀರಿನ ಒತ್ತಡ ತಡೆಯುತ್ತದೆ ನಿಜ, ಆದರೆ ಗಾಳಿ ತುಂಬಿ ಒಡೆದರೆ ಚೂಪಾದ ಚೂರುಗಳಾಗಿ ಸಿಡಿಯುತ್ತದೆ. ಮನೆಯ ಎಲ್‌ಪಿಜಿ ಸಿಲಿಂಡರ್ ನಿಮ್ಮದಲ್ಲ, ಗ್ಯಾಸ್ ಕಂಪನಿಯದ್ದು. ಸಾಲದ್ದಕ್ಕೆ ಒಳಗೆ ಗ್ಯಾಸ್ ಉಳಿದಿರುತ್ತದೆ. ಎಸಿ ಮೆಕ್ಯಾನಿಕ್‌ಗಳು ಬಿಸಾಡುವ ಗ್ಯಾಸ್ ಡಬ್ಬ ಒಂದೇ ಸಲದ ಬಳಕೆಗೆ ಅಂತ ಮಾಡಿದ ತೆಳು ತಗಡು, ಒಳಗೆ ನೀರು ಸೇರಿದರೆ ಬೇಗ ತುಕ್ಕು ತಿನ್ನುತ್ತದೆ. ಹಳೆಯ ಬೆಂಕಿ ಆರಿಸುವ ಸಿಲಿಂಡರ್ ಬಗ್ಗೆಯೂ ಕೇಳುತ್ತಾರೆ. ಗೋಡೆ ಗಟ್ಟಿ ಇರುತ್ತದೆ, ಆದರೆ ಕೆಳಗೆ ನೀರು ಬಿಡುವ ಜಾಗ ಇರುವುದಿಲ್ಲ. ತೂತು ಕೊರೆದು ವೆಲ್ಡ್ ಮಾಡಿಸಿದರೆ ಅದರ ಬಲವೇ ಹೋಯಿತು.

ಹಾಗಾದರೆ ಯಾವುದು? ಗಾಳಿಗೆಂದೇ ಮಾಡಿದ್ದು. ಎರಡು ದಾರಿ ಇವೆ. ಹೊಸ ಸಣ್ಣ ಏರ್ ರಿಸೀವರ್ ಟ್ಯಾಂಕ್ ಕೊಳ್ಳುವುದು, ಅಥವಾ ಲಾರಿಯ ಏರ್ ಬ್ರೇಕ್ ಟ್ಯಾಂಕ್ ಹುಡುಕುವುದು. ಲಾರಿ ಬ್ರೇಕ್ ಕೆಲಸ ಮಾಡುವುದೇ 8 ಬಾರ್ ಆಸುಪಾಸಿನಲ್ಲಿ, ನಮ್ಮದು ಅದರ ಅರ್ಧ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಲಾರಿ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಬೇರೆ ಊರಲ್ಲೂ ಲಾರಿ ಗ್ಯಾರೇಜ್ ಇರುವ ಬೀದಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಸೆಕೆಂಡ್ ಹ್ಯಾಂಡ್ ಆದರೆ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಮೇಲ್ಮೈಗೆ ಸ್ವಲ್ಪ ಕೆಂಪು ಹಿಡಿದಿದ್ದರೆ ತೊಂದರೆಯಿಲ್ಲ, ಆದರೆ ಪದರ ಪದರವಾಗಿ ಏಳುತ್ತಿದ್ದರೆ, ಅಲ್ಲಾಡಿಸಿದಾಗ ತುಕ್ಕಿನ ಚಕ್ಕೆಗಳು ಗಲಗಲ ಅಂದರೆ, ನೆಗ್ಗಿದ್ದರೆ, ಮೇಲೆ ಮತ್ತೆ ವೆಲ್ಡ್ ಮಾಡಿದ ಗುರುತಿದ್ದರೆ ಅಲ್ಲೇ ಬಿಟ್ಟು ಬನ್ನಿ. ತಂದ ಮೇಲೆ ಬಿಸಿನೀರು, ಸೋಪು ಹಾಕಿ ಒಳಗೆ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ, ಲಾರಿಯ ಎಣ್ಣೆ ಜಿಡ್ಡು ಒಳಗಿದ್ದರೆ ಅದು ಬಣ್ಣಕ್ಕೇ ಬರುತ್ತದೆ. ಇನ್ನೊಂದು ವಿಷಯ, ಲಾರಿ ಟ್ಯಾಂಕಿನ ಮರೆ (ತಿರುಪಿನ ಥ್ರೆಡ್) ಹೆಚ್ಚಾಗಿ ಎಂ22 ಅಳತೆಯದ್ದು ಇರುತ್ತದೆ, ಏರ್ ಫಿಟ್ಟಿಂಗ್‌ಗಳು ಕಾಲಿಂಚು ಬಿಎಸ್‌ಪಿ, ಅಂದರೆ ಬ್ರಿಟಿಷ್ ಪೈಪ್ ಅಳತೆಯ ಮರೆ. ಅಡಾಪ್ಟರ್ ಕೂಡ ಅದೇ ಅಂಗಡಿಯಲ್ಲಿ ತಗೊಂಡು, ಅಲ್ಲೇ ತಿರುಗಿಸಿ ನೋಡಿ ದುಡ್ಡು ಕೊಡಿ.

ಜೋಡಿಸುವ ಕ್ರಮ ಹೀಗೆ: ಕಂಪ್ರೆಸರ್, ಮೆದು ಹೋಸ್, ಟ್ಯಾಂಕ್, ಆಮೇಲೆ ಒತ್ತಡ ಹೊಂದಿಸುವ ರೆಗ್ಯುಲೇಟರ್ ಮತ್ತು ನೀರು ಹಿಡಿಯುವ ಫಿಲ್ಟರ್, ಕೊನೆಗೆ ಏರ್‌ಬ್ರಶ್. ಇಲ್ಲೇ ಜಾಸ್ತಿ ಜನ ಎಡವುವುದು. ಕಂಪ್ರೆಸರ್ ಮೇಲೆ ಆಗಲೇ ರೆಗ್ಯುಲೇಟರ್ ಇರುತ್ತದಲ್ಲ, ಅದನ್ನು ಹಾಗೇ ಬಿಟ್ಟು ಅದರ ಮುಂದೆ ಟ್ಯಾಂಕ್ ಸಿಕ್ಕಿಸುತ್ತಾರೆ. ಆಗ ಅದುರುವುದೇನೋ ನಿಲ್ಲುತ್ತದೆ, ಆದರೆ ರೆಗ್ಯುಲೇಟರ್ 20 ಪಿಎಸ್‌ಐಗೆ ಇಟ್ಟಿದ್ದರೆ ಟ್ಯಾಂಕೂ 20ಕ್ಕೇ ತುಂಬುತ್ತದೆ, ಕೂಡಿಟ್ಟ ಗಾಳಿ ಅಂತ ಏನೂ ಇರುವುದಿಲ್ಲ. ಅದಕ್ಕೇ ರೆಗ್ಯುಲೇಟರ್ ಬಿಚ್ಚಿ ಟ್ಯಾಂಕಿನ ಆಚೆ ಬದಿಗೆ ಸಾಗಿಸಿ. ಬಿಚ್ಚಿದ ರೆಗ್ಯುಲೇಟರನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದರೆ ಸರಿಯಾದ ಜೋಡಣೆ ತುಂಡುಗಳನ್ನು (ನಿಪ್ಪಲ್, ರೆಡ್ಯೂಸರ್, ಟೀ) ಆರಿಸುವುದು ಸುಲಭ.

ಟ್ಯಾಂಕಿನ ಮೇಲೆ ನೇರವಾಗಿ ಮೂರು ಸಾಮಾನು ಬೇಕು. ಒಂದು ಪ್ರೆಶರ್ ಗೇಜ್, ಕೆಳಗಿನ ತೂತಿಗೆ ನೀರು ಬಿಡುವ ಡ್ರೇನ್ ವಾಲ್ವ್, ಮತ್ತೆ ಒತ್ತಡ ಮಿತಿ ಮೀರಿದರೆ ತಾನೇ ಗಾಳಿ ಬಿಡುವ ಸೇಫ್ಟಿ ವಾಲ್ವ್. ಸೇಫ್ಟಿ ವಾಲ್ವ್ 6 ಬಾರ್ ಹತ್ತಿರದ್ದು ಸಾಕು. ಮೋಟಾರ್ ನಿಲ್ಲುವ 4ಕ್ಕಿಂತ ಮೇಲೆ, ಟ್ಯಾಂಕ್ ತಡೆಯುವುದಕ್ಕಿಂತ ಕೆಳಗೆ ಇರಬೇಕು, ಅಷ್ಟೇ. ಅದಕ್ಕೂ ಟ್ಯಾಂಕಿಗೂ ನಡುವೆ ಯಾವ ಬಾಲ್ ವಾಲ್ವನ್ನೂ ಹಾಕಬೇಡಿ. ಯಾರೋ ಅದನ್ನು ಮುಚ್ಚಿಬಿಟ್ಟರೆ ಸೇಫ್ಟಿ ವಾಲ್ವ್ ಇದ್ದೂ ಇಲ್ಲದ ಹಾಗೆ.

ಕಂಪ್ರೆಸರ್‌ನಿಂದ ಟ್ಯಾಂಕಿಗೆ ಗಟ್ಟಿ ಪೈಪ್ ಬೇಡ, ಮೋಟಾರಿನ ಅದುರಿಗೆ ಮರೆ ಸಡಿಲವಾಗುತ್ತದೆ. ಕಂಪ್ರೆಸರ್ ಹೆಡ್‌ನಿಂದ (ಪಿಸ್ಟನ್ ಮೇಲಿನ ಭಾಗದಿಂದ) ಬರುವ ಗಾಳಿ ಬಿಸಿ ಇರುವುದರಿಂದ ತೆಳು ಪಿಯು (ಪಾಲಿಯುರಿಥೇನ್ ಪ್ಲಾಸ್ಟಿಕ್) ಪೈಪ್ ಅಲ್ಲಿಗೆ ಸರಿಯಲ್ಲ, ಹೆಣೆದ ಹೊದಿಕೆಯ ರಬ್ಬರ್ ಹೋಸ್ ಹಾಕಿ. ಟ್ಯಾಂಕ್ ದಾಟಿದ ಮೇಲೆ ಪಿಯು ಆಗುತ್ತದೆ.

ಟೆಫ್ಲಾನ್ ಟೇಪ್ ಸುತ್ತುವುದನ್ನು ಸ್ವಲ್ಪ ನಿಧಾನವಾಗಿ ಮಾಡಿ. ಮರೆಯ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಎಳೆದು ಹಿಡಿದು ಎರಡು ಮೂರು ಸುತ್ತು. ತುದಿಯ ಮೊದಲ ಒಂದು ಮರೆ ಖಾಲಿ ಬಿಡಿ. ತುದಿಯವರೆಗೂ ಸುತ್ತಿದರೆ ಬಿಗಿ ಮಾಡುವಾಗ ಟೇಪಿನ ಚೂರು ಹರಿದು ಒಳಗೆ ಬೀಳುತ್ತದೆ. ಅಂಥ ಚೂರು ಸಾಗುತ್ತಾ ಹೋಗಿ ಏರ್‌ಬ್ರಶ್‌ನ ಏರ್ ವಾಲ್ವ್‌ನಲ್ಲಿ ಸಿಕ್ಕಿಕೊಂಡರೆ, ಗಾಳಿ ಯಾಕೆ ಕಮ್ಮಿ ಬರ್ತಿದೆ ಅಂತ ಅರ್ಧ ದಿನ ಹುಡುಕುತ್ತಾ ಕೂರಬೇಕು. ಬಿಗಿ ಮಾಡುವಾಗ ಎರಡು ಸ್ಪ್ಯಾನರ್ ಇರಲಿ, ಒಂದು ಹಿಡಿಯಲು ಇನ್ನೊಂದು ತಿರುಗಿಸಲು. ಹಿತ್ತಾಳೆ ಫಿಟ್ಟಿಂಗ್, ಭೀಮಬಲ ತೋರಿಸಬೇಡಿ, ಸೀಳುತ್ತದೆ.

ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಬೇಕಾ? ಕಂಪ್ರೆಸರ್ ನಿಂತಾಗ ಟ್ಯಾಂಕಿನ ಗಾಳಿ ಪಿಸ್ಟನ್ ಕಡೆಯಿಂದ ಹಿಂದಕ್ಕೆ ಸೋರಿದರೆ ಬೇಕು. ಮೊದಲು ಇಲ್ಲದೆ ಜೋಡಿಸಿ ನೋಡಿ. ಹಾಕುವುದಾದರೆ ಒಂದು ಸೂಕ್ಷ್ಮ ಇದೆ: ಪ್ರೆಶರ್ ಸ್ವಿಚ್ ಚೆಕ್ ವಾಲ್ವ್ ಆಚೆ, ಟ್ಯಾಂಕ್ ಬದಿಯಲ್ಲಿ ಇರಬೇಕು. ಕಂಪ್ರೆಸರ್ ಬದಿಯಲ್ಲೇ ಉಳಿದರೆ ಹೋಸ್‌ನ ಗಾಳಿ ಸೋರಿದಾಗಲೆಲ್ಲ, ಟ್ಯಾಂಕ್ ತುಂಬಿದ್ದರೂ ಮೋಟಾರ್ ಸುಮ್ನೆ ಕುಟುಕುಟು ಶುರುವಾಗುತ್ತದೆ. ವೋಲ್ಟೇಜ್ ಕಡಿಮೆ ಇರುವ ಊರುಗಳಲ್ಲಿ ಇನ್ನೊಂದು ತೊಂದರೆ, 3 ಬಾರ್ ಎದುರು ಮೋಟಾರ್ ಏಳಲಾರದೆ ಹುಂ ಅಂತ ನಿಂತುಬಿಡುತ್ತದೆ. ಹಾಗಾದರೆ ತಕ್ಷಣ ಪ್ಲಗ್ ಕೀಳಿ. ಅದಕ್ಕೆ ಅನ್‌ಲೋಡರ್ ಇರುವ ಪ್ರೆಶರ್ ಸ್ವಿಚ್ ಸಿಗುತ್ತದೆ. ಮೋಟಾರ್ ನಿಂತ ಕೂಡಲೇ ಅದು ಚೆಕ್ ವಾಲ್ವ್‌ಗಿಂತ ಹಿಂದಿನ ಗಾಳಿಯನ್ನು ಪುಸ್ ಅಂತ ಬಿಟ್ಟುಬಿಡುತ್ತದೆ, ಮುಂದಿನ ಸಲ ಮೋಟಾರ್ ಹಗುರವಾಗಿ ಏಳುತ್ತದೆ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಫೇಸ್ ವೈರ್ ಸ್ವಿಚ್ ಮೂಲಕ ಹೋಗಬೇಕು, ಅರ್ತ್ ತಪ್ಪಬಾರದು.

ಹಳೆಯ ಟ್ಯಾಂಕ್ ಆದರೆ ಗಾಳಿ ತುಂಬುವ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಟ್ಯಾಂಕ್ ಭರ್ತಿ ನೀರು ತುಂಬಿ, ಒಳಗೆ ಗಾಳಿಯೇ ಇಲ್ಲದಂತೆ ಮಾಡಿ, ಕೈಪಂಪಿನಿಂದ ಒತ್ತಡ ಏರಿಸುತ್ತಾರೆ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಎಲ್ಲಾದರೂ ಬಿಟ್ಟರೂ ಒಂದಿಷ್ಟು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ, ಸಿಡಿಯುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ತುಂಬಿಸುವ ಕೆಲವು ಕಡೆ ಈ ಪಂಪ್ ಇರುತ್ತದೆ.

ಮೊದಲ ಸಲ ತುಂಬಿಸುವಾಗ 1 ಬಾರ್‌ಗೆ ನಿಲ್ಲಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿದ ನೀರನ್ನು ಹಳೆ ಬ್ರಶ್‌ನಲ್ಲಿ ಪ್ರತಿ ಜಾಯಿಂಟಿಗೂ ಬಳಿಯಿರಿ. ದೊಡ್ಡ ಸೋರಿಕೆ ಬುಸುಗುಟ್ಟುತ್ತದೆ, ತಾನೇ ಗೊತ್ತಾಗುತ್ತದೆ. ಸಣ್ಣದಕ್ಕೆ ಕಾಯಬೇಕು. ಮರೆಯ ಅಂಚಿನಲ್ಲಿ ಮೊದಲು ಬಿಳಿ ನೊರೆ, ಆಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಪಕ್ಕ ಒಂದು ಮೆಲ್ಲಗೆ ಏಳುತ್ತವೆ. ಕಂಡರೆ ಗಾಳಿ ಪೂರ್ತಿ ಬಿಟ್ಟು, ಬಿಚ್ಚಿ, ಹೊಸ ಟೇಪ್ ಸುತ್ತಿ. ಒತ್ತಡ ಇರುವಾಗ ಸ್ಪ್ಯಾನರ್ ಹಾಕಬೇಡಿ. ಎಲ್ಲ ಸರಿ ಇದ್ದರೆ 4 ಬಾರ್‌ಗೆ ತುಂಬಿಸಿ, ಮೋಟಾರ್ ತಾನೇ ನಿಲ್ಲುತ್ತದಾ ನೋಡಿ, ಸೇಫ್ಟಿ ವಾಲ್ವಿನ ರಿಂಗ್ ಒಮ್ಮೆ ಎಳೆದು ಬಿಡಿ. ಆಮೇಲೆ ಪ್ಲಗ್ ಕಿತ್ತು ಒಂದು ಗಂಟೆ ಬಿಟ್ಟು ಗೇಜ್ ನೋಡಿ. ಬಿಸಿ ಗಾಳಿ ತಣ್ಣಗಾಗುವಾಗ ಮುಳ್ಳು ಸ್ವಲ್ಪ ಇಳಿಯುವುದು ಸಹಜ, ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ ಅಂತ.

ರೆಗ್ಯುಲೇಟರ್ ಹೊಂದಿಸುವಾಗ ಟ್ರಿಗರ್ ಒತ್ತಿ ಹಿಡಿದೇ ಗೇಜ್ ಓದಿ. ಸುಮ್ಮನೆ ಇದ್ದಾಗ 25 ತೋರಿಸುವುದು ಗಾಳಿ ಹರಿಯುವಾಗ 20ಕ್ಕೆ ಇಳಿದಿರಬಹುದು. ಬಣ್ಣಕ್ಕೆ ತಾಗುವುದು ಆ 20. ಸಣ್ಣ ಕೆಲಸಕ್ಕೆ 15ರಿಂದ 25 ಪಿಎಸ್‌ಐ ಒಳಗೆ ಎಲ್ಲೋ ಒಂದು ಕಡೆ ನಿಮಗೆ ಹಿಡಿಸುತ್ತದೆ.

ಇನ್ನು ನೀರು. 4 ಬಾರ್‌ಗೆ ತುಂಬಿದಾಗ ಐದು ಪಾಲು ಗಾಳಿ ಒಂದು ಪಾಲು ಜಾಗಕ್ಕೆ ಬಂದಿರುತ್ತದೆ, ಅದರೊಳಗಿನ ತೇವವೂ ಜೊತೆಗೆ ಬಂದಿರುತ್ತದೆ. ಟ್ಯಾಂಕ್ ತಣ್ಣಗಾದಾಗ ಅದು ನೀರಾಗಿ ತಳದಲ್ಲಿ ನಿಲ್ಲುತ್ತದೆ. ಟ್ಯಾಂಕ್ ಇಲ್ಲದಿದ್ದರೆ ಇದೇ ನೀರು ಪೈಪಿನಲ್ಲಿ ಸಾಗಿ, ಮುಗಿಯುತ್ತಾ ಬಂದ ಕೆಲಸದ ಮೇಲೆ ಹನಿಯಾಗಿ ಉಗುಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಮಳೆಗಾಲದಲ್ಲಿ ಇದು ಬೇಸಿಗೆಯ ಕಲಬುರಗಿಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಪ್ರತಿ ದಿನ ಕೆಲಸ ಮುಗಿದ ಮೇಲೆ ಸ್ವಲ್ಪ ಗಾಳಿ ಉಳಿದಿರುವಾಗಲೇ ಡ್ರೇನ್ ತೆಗೆಯಿರಿ, ಒತ್ತಡಕ್ಕೆ ನೀರು ಪೂರ್ತಿ ಹೊರಗೆ ಬರುತ್ತದೆ. ಕೆಳಗೆ ಹಳೆ ಬಟ್ಟೆ ಇಡಿ, ಮುಖ ಹತ್ತಿರ ಒಯ್ಯಬೇಡಿ. ಆ ನೀರಿನ ಬಣ್ಣ ಗಮನಿಸುತ್ತಿರಿ. ತಿಳಿಯಾಗಿ ಬರುತ್ತಿದ್ದದ್ದು ಕೆಂಪಾಗಿ, ಚಕ್ಕೆ ಸಮೇತ ಬರತೊಡಗಿದರೆ ಟ್ಯಾಂಕ್ ಬದಲಿಸುವ ಹೊತ್ತು ಬಂದಿದೆ. ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ಗೇಜ್, ಸೇಫ್ಟಿ ವಾಲ್ವ್, ಅಡಾಪ್ಟರ್ ಬಿಚ್ಚಿಟ್ಟುಕೊಳ್ಳಿ, ಹೊಸದಕ್ಕೂ ಅವೇ ಬರುತ್ತವೆ.