ಚೆಂಡು ಬಿಟ್ಟು ಕೋಲೋ ಟೂರೆಯನ್ನು ನೋಡಿದೆ

ಇಪ್ಪತ್ತೇಳನೇ ವಯಸ್ಸಿನವರೆಗೆ ಫುಟ್‌ಬಾಲ್‌ನಲ್ಲಿ ನಾನು ಫಾರ್ವರ್ಡ್, ಮುಂದೆ ನಿಂತು ಗೋಲು ಹೊಡೆಯೋನು. ಅಂದರೆ, ಹಾಗಂತ ಅಂದುಕೊಂಡಿದ್ದೆ. ಒಂದು ಭಾನುವಾರ ಬೆಳಗ್ಗೆ ನಮ್ಮ ಕ್ಯಾಪ್ಟನ್ ನನ್ನ ಮುಖ ಕೂಡ ನೋಡದೆ, "ಮಚ್ಚಾ, ಇವತ್ತಿಂದ ನೀನು ಸ್ಟಾಪರ್" ಅಂದ. ಅಂದರೆ ನಮ್ಮ ಗೋಲಿನ ಮುಂದೆ ನಡುವೆ ನಿಂತು ಎದುರಾಳಿಯನ್ನು ತಡೆಯೋನು. ಇದ್ದ ಸ್ಟಾಪರ್‌ಗೆ ಪುಣೆಗೆ ಟ್ರಾನ್ಸ್‌ಫರ್ ಆಗಿತ್ತು. ನಾನು ಮೂರು ತಿಂಗಳಿಂದ ಒಂದು ಗೋಲೂ ಹೊಡೆದಿರಲಿಲ್ಲ. ಅಷ್ಟೇ ಕಾರಣ.

ಅವತ್ತು ನಾಲ್ಕು ಗೋಲು ತಿಂದೆವು. ಮೂರಂತೂ ನನ್ನ ಬೆನ್ನ ಹಿಂದಿನಿಂದಲೇ ಬಂದವು.

ನಮ್ಮ ಲೆಫ್ಟ್ ಬ್ಯಾಕ್ ಐವರಿ ಕೋಸ್ಟ್‌ನಿಂದ ಬೆಂಗಳೂರಿಗೆ ಓದೋಕೆ ಬಂದ ಹುಡುಗ. ಇಂಗ್ಲಿಷ್ ಅವನಿಗೂ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಆಟ ಮುಗಿದ ಮೇಲೆ ಟೀ ಅಂಗಡಿಯಲ್ಲಿ ಫೋನ್ ತೆಗೆದು ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಒಂದು ಹಳೇ ಪಂದ್ಯ ಹಾಕಿದ. ಬೆರಳಿಟ್ಟು 28 ನಂಬರ್ ಅಂಗಿ ತೋರಿಸಿದ. "ಕೋಲೋ. ಇವನನ್ನು ನೋಡು. ಚೆಂಡು ನೋಡಬೇಡ." ಕೋಲೋ ಟೂರೆ ಅವನ ಊರಿನವನೇ, ಬುವಾಕೆ. ಆ ಹೆಮ್ಮೆ ಮುಖದ ಮೇಲೇ ಕಾಣುತ್ತಿತ್ತು.

ಕೋಲೋ ಹೆಸರು ನನಗೆ ಗೊತ್ತಿತ್ತು. ಫುಟ್‌ಬಾಲ್ ಆಟಗಾರ ಯಾಯಾ ಟೂರೆಯ ಅಣ್ಣ ಅಂತ ಮಾತ್ರ. ಓದುತ್ತಾ ಹೋದ ಹಾಗೆ ಒಂದು ವಿಷಯ ನನಗೆ ಸಮಾಧಾನ ಕೊಟ್ಟಿತು. ಅವನೂ ಮೊದಲಿಂದ ಸ್ಟಾಪರ್ ಆಗಿದ್ದವನಲ್ಲ! ಐವರಿ ಕೋಸ್ಟ್‌ನ ಅಬಿಜಾನ್ ನಗರದ ಅಸೆಕ್ ಮಿಮೋಸಾ ಕ್ಲಬ್ಬಿನಿಂದ 2002ರಲ್ಲಿ ಆರ್ಸೆನಲ್‌ಗೆ ಬಂದಾಗ ಕೊಟ್ಟ ದುಡ್ಡು ಒಂದೂವರೆ ಲಕ್ಷ ಪೌಂಡ್. ಆ ಮಟ್ಟದ ಕ್ಲಬ್ಬಿಗೆ ಅದು ಚಿಲ್ಲರೆ ಕಾಸು. ಮೊದಲ ಸೀಸನ್‌ನಲ್ಲಿ ಮಿಡ್‌ಫೀಲ್ಡ್, ರೈಟ್ ಬ್ಯಾಕ್, ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ. 2003ರ ಬೇಸಿಗೆಯಲ್ಲಿ ಕೋಚ್ ವೆಂಗರ್ ಅವನನ್ನು ಇನ್ನೊಬ್ಬ ಸ್ಟಾಪರ್ ಸೋಲ್ ಕ್ಯಾಂಬೆಲ್ ಪಕ್ಕ ನಿಲ್ಲಿಸಿದರು. ಆ ಸೀಸನ್‌ನ 38 ಲೀಗ್ ಪಂದ್ಯಗಳಲ್ಲಿ ಆರ್ಸೆನಲ್ ಒಂದನ್ನೂ ಸೋಲಲಿಲ್ಲ. ಕೋಲೋ 37 ಆಡಿದ.

ಆರ್ಸೆನಲ್ ಸೇರುವ ಮೊದಲು ಅವನನ್ನು ಆಡಿಸಿ ನೋಡಿದ ಟ್ರಯಲ್ ಕಥೆಯನ್ನು ಆಗ ತಂಡದಲ್ಲಿದ್ದ ರೇ ಪಾರ್ಲರ್ ಎಷ್ಟೋ ಸಲ ಹೇಳಿದ್ದಾರೆ. ಪ್ರಾಕ್ಟೀಸ್‌ನಲ್ಲಿ ಮೊದಲು ತಂಡದ ಸ್ಟಾರ್ ಫಾರ್ವರ್ಡ್ ಥಿಯರಿ ಆನ್ರಿಯನ್ನು ಬೀಳಿಸಿದನಂತೆ. ಆಮೇಲೆ ಇನ್ನೊಬ್ಬ ಸ್ಟಾರ್ ಬರ್ಗ್‌ಕಾಂಪ್. ಕೊನೆಗೆ ಚೆಂಡು ವೆಂಗರ್ ಹತ್ತಿರ ಹೋದಾಗ ಅವರ ಕಾಲಿಗೇ ನುಗ್ಗಿಬಿಟ್ಟನಂತೆ. ಈ ಹುಡುಗ ಬೇಕೇ ಬೇಕು ಅಂತ ವೆಂಗರ್ ಅಂದಿದ್ದು ಕಾಲಿಗೆ ಐಸ್ ಇಟ್ಟುಕೊಂಡು.

ಇದನ್ನು ಓದಿದ ಉತ್ಸಾಹದಲ್ಲಿ ನಾನು ಮಾಡಿದ ಮೊದಲ ತಪ್ಪು ಸ್ಲೈಡಿಂಗ್ ಟ್ಯಾಕಲ್, ಅಂದರೆ ನೆಲದ ಮೇಲೆ ಜಾರಿ ಚೆಂಡು ಕಿತ್ತುಕೊಳ್ಳೋದು. ಅವರದು ನೀರು ಹೊಡೆದ ಹುಲ್ಲು. ನಮ್ಮದು ಜಲ್ಲಿ ಬೆರೆತ ಕೆಮ್ಮಣ್ಣು. ಜಾರಿದೆ, ಚೆಂಡೂ ಸಿಕ್ಕಿತು. ಎದ್ದು ನೋಡಿದರೆ ಸೊಂಟದಿಂದ ಮಂಡಿವರೆಗೆ ಚರ್ಮ ಇಲ್ಲ. ಎರಡು ವಾರ ಒಂದೇ ಮಗ್ಗುಲಲ್ಲಿ ಮಲಗಿದೆ. ಆಮೇಲೆ ಕಾಲ ಮೇಲೆ ನಿಂತುಕೊಂಡೇ ಆಡೋದು ಕಲಿಯೋಣ ಅಂತ ತೀರ್ಮಾನ ಮಾಡಿದೆ.

ರಾತ್ರಿ ಊಟ ಆದಮೇಲೆ ಹಳೇ ಪಂದ್ಯ ಹಾಕಿಕೊಂಡು ಕೂರುತ್ತಿದ್ದೆ. ಹೈಲೈಟ್ಸ್ ಅಲ್ಲ, ಪೂರ್ತಿ ಪಂದ್ಯ. ಹೈಲೈಟ್ಸ್‌ನಲ್ಲಿ ಡಿಫೆಂಡರ್ ಕಾಣೋದು ಅವನು ಸೋತಾಗ ಮಾತ್ರ, ಅಲ್ವಾ? ಆದರೆ ಪೂರ್ತಿ ಪಂದ್ಯದಲ್ಲೂ ಒಂದು ತೊಂದರೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಆರ್ಸೆನಲ್ ಮುಂದೆ ದಾಳಿ ಮಾಡುವಾಗ ಕೋಲೋ ಪರದೆಯಲ್ಲೇ ಇಲ್ಲ. ಒಂದು ವಾರ ಬೇಜಾರಾಗಿ ಬಿಟ್ಟುಬಿಟ್ಟಿದ್ದೆ.

ಆಮೇಲೆ ಹೊಳೆಯಿತು. ನೋಡಬೇಕಾದ್ದು ಅವನು ಮತ್ತೆ ಪರದೆಯೊಳಗೆ ಬರುವ ಆ ಒಂದು ಕ್ಷಣ. ಆರ್ಸೆನಲ್ ಚೆಂಡು ಕಳೆದುಕೊಳ್ಳುತ್ತದೆ, ಎದುರಾಳಿ ಉದ್ದಕ್ಕೆ ಒದೆಯುತ್ತಾನೆ, ಕ್ಯಾಮೆರಾ ಸರಕ್ಕನೆ ಹಿಂದಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಕೋಲೋ ಆಗಲೇ ಓಡುತ್ತಿರುತ್ತಾನೆ. ಮೈ ಆಗಲೇ ತಿರುಗಿರುತ್ತದೆ. ಅಂದರೆ ಚೆಂಡು ಬರುವ ಮೊದಲೇ, ನಮಗೆ ಕಾಣದ ಹೊತ್ತಲ್ಲಿ, ಏನೋ ಕೆಲಸ ಮುಗಿಸಿದ್ದಾನೆ. ಆ ಕಾಣದ ಕೆಲಸ ಏನು ಅಂತ ಊಹಿಸೋದೇ ನನ್ನ ಪಾಠ ಆಯಿತು.

ಅವನು ಪರದೆಯಲ್ಲಿ ಇರುವಾಗ ಕತ್ತು ತಿರುಗಿಸಿ ಹಿಂದೆ ನೋಡಿದ ಪ್ರತಿ ಸಲಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಗೀಟು ಹಾಕಿದೆ. ಅರ್ಧ ಪಂದ್ಯಕ್ಕೆ ಪುಟ ತುಂಬಿತು. ನಾನು ಆಡುವಾಗ ಎಷ್ಟು ಸಲ ಹಿಂದೆ ನೋಡುತ್ತೇನೆ ಅಂತ ಯೋಚಿಸಿದೆ. ಗೋಲಾದ ಮೇಲೆ, ಕೀಪರ್ ಚೆಂಡು ಎತ್ತಿಕೊಳ್ಳುವಾಗ.

ಇದಕ್ಕೆ ಟೆರೇಸ್ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ನೀರಿನ ಟ್ಯಾಂಕಿನ ಗೋಡೆಗೆ ಚೆಂಡು ಒದೆಯೋದು. ಅದು ವಾಪಸ್ ಬರುವಷ್ಟರಲ್ಲಿ ಹಿಂದೆ ತಿರುಗಿ, ಅಕ್ಕನ ಮಗ ಎಷ್ಟು ಬೆರಳು ತೋರಿಸುತ್ತಿದ್ದಾನೆ ಅಂತ ಕೂಗಿ ಹೇಳೋದು. ತಪ್ಪಿದರೆ ಅವನಿಗೆ ಒಂದು ರೂಪಾಯಿ. "ಮಾಮಾ, ಅದು ಮೂರಲ್ಲ, ನಾಲ್ಕು" ಅಂತ ಕಳ್ಳ ಬೆರಳು ಬಿಚ್ಚಿ ಸುಮಾರು ದುಡ್ಡು ಹೊಡೆದ.

ಎರಡನೇದು ನಿಲ್ಲುವ ರೀತಿ. ಎದುರಾಳಿಗೆ ನೇರ ಮುಖ ಕೊಟ್ಟು ನಿಂತರೆ ತಿರುಗೋಕೇ ಎರಡು ಹೆಜ್ಜೆ ಬೇಕು. ಅಷ್ಟರಲ್ಲಿ ಅವನು ಹೋಗಿಬಿಟ್ಟಿರುತ್ತಾನೆ. ಮೈ ಸ್ವಲ್ಪ ಅಡ್ಡ ಇಟ್ಟು, ಮಂಡಿ ಮಡಿಸಿ ನಿಂತರೆ ಹಿಂದಕ್ಕೂ ಓಡಬಹುದು, ಮುಂದಕ್ಕೂ ನುಗ್ಗಬಹುದು. ಮೂರನೇದು ಯಾವಾಗ ಹಿಂದೆ ಸರಿಯಬೇಕು ಅನ್ನೋದು. ಚೆಂಡಿಟ್ಟುಕೊಂಡವನು ತಲೆ ಎತ್ತಿದನಾ, ಅವನ ಮೇಲೆ ನಮ್ಮವರು ಯಾರೂ ಬಿದ್ದಿಲ್ಲವಾ? ಉದ್ದ ಪಾಸ್ ಬರುತ್ತೆ, ಹಿಂದೆ ಸರಿ. ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತಿದ್ದಾನಾ? ಎರಡು ಹೆಜ್ಜೆ ಮುಂದೆ ಬಾ. ಕೇಳೋಕೆ ಸುಲಭ. ನನ್ನ ಕಾಲಿಗೆ ಅರ್ಥ ಆಗೋಕೆ ಒಂದು ವರ್ಷ ಹಿಡಿಯಿತು.

2005-06ರ ಚಾಂಪಿಯನ್ಸ್ ಲೀಗ್‌ನಲ್ಲಿ, ಅಂದರೆ ಯೂರೋಪಿನ ಕ್ಲಬ್ಬುಗಳ ಟೂರ್ನಮೆಂಟ್‌ನಲ್ಲಿ, ಆರ್ಸೆನಲ್ ಸತತ 10 ಪಂದ್ಯ ಗೋಲು ಬಿಟ್ಟುಕೊಡಲಿಲ್ಲ. ಸೆಮಿಫೈನಲ್‌ನಲ್ಲಿ ವಿಯಾರಿಯಾಲ್ ವಿರುದ್ಧ ಎರಡೂ ಪಂದ್ಯ ಸೇರಿ ಬಿದ್ದದ್ದು ಒಂದೇ ಗೋಲು. ಹೊಡೆದವನು ಕೋಲೋ. ಸ್ಟಾಪರ್ ಬಂದು ಗೋಲು ಹೊಡೆದರೆ ಎಷ್ಟು ಉರಿಯುತ್ತೆ ಅನ್ನೋದು ನಮ್ಮೂರಿನವರಿಗೆ ಚೆನ್ನಾಗಿ ಗೊತ್ತು. 2015ರ ಮೇ 31, ಕಂಠೀರವ ಸ್ಟೇಡಿಯಂ. ಗೆದ್ದಿದ್ದರೆ ಆಗಿನ ರಾಷ್ಟ್ರಮಟ್ಟದ ಐ-ಲೀಗ್ ಕಪ್ ಬೆಂಗಳೂರು ಎಫ್‌ಸಿಗೆ. 87ನೇ ನಿಮಿಷದಲ್ಲಿ ಮೋಹನ್ ಬಗಾನ್‌ನ ನೈಜೀರಿಯಾದ ಸ್ಟಾಪರ್ ಬೆಲ್ಲೋ ರಜಾಕ್ ತಲೆ ಕೊಟ್ಟು 1-1 ಮಾಡಿಬಿಟ್ಟ. ಬಗಾನ್‌ಗೆ ಡ್ರಾ ಸಾಕಿತ್ತು, ಕಪ್ ಕೋಲ್ಕತ್ತಾಗೆ ಹೋಯಿತು. ನಾನು ಸ್ಟ್ಯಾಂಡ್‌ನಲ್ಲಿದ್ದೆ. ಅವತ್ತಿನ ಸಂಕಟ ಇನ್ನೂ ಇದೆ.

ಕೋಲೋನ ತಪ್ಪುಗಳನ್ನೂ ನೋಡಿದೆ. ನಿಜ ಹೇಳಬೇಕೆಂದರೆ ಅವನ್ನೇ ಜಾಸ್ತಿ ಸಲ ನೋಡಿದೆ. 2014ರ ಫೆಬ್ರುವರಿ, ಆಗ ಅವನು ಲಿವರ್‌ಪೂಲ್‌ನಲ್ಲಿದ್ದ. ವೆಸ್ಟ್ ಬ್ರಾಮ್ ವಿರುದ್ಧ 1-0 ಮುಂದಿದ್ದಾಗ ತನ್ನ ಗೋಲಿನ ಮುಂದೆಯೇ ಅಡ್ಡ ಪಾಸ್ ಕೊಟ್ಟ. ಚೆಂಡು ನೇರ ಎದುರಾಳಿ ಕಾಲಿಗೆ. 1-1. ಹತ್ತು ದಿನ ಆದಮೇಲೆ ಫುಲಂ ವಿರುದ್ಧ ತನ್ನದೇ ಗೋಲಿಗೆ ಹೊಡೆದುಕೊಂಡ. ಆ ವರ್ಷ ಲಿವರ್‌ಪೂಲ್ ಲೀಗ್ ಕಳೆದುಕೊಂಡಿದ್ದು 2 ಪಾಯಿಂಟ್‌ನಲ್ಲಿ.

ಅದನ್ನು ಇಪ್ಪತ್ತು ಸಲ ನೋಡಿದ ನಾನೇ ಒಂದು ಟೂರ್ನಮೆಂಟ್‌ನಲ್ಲಿ ಅದೇ ಪಾಸ್ ಕೊಟ್ಟೆ. ಮಣ್ಣಿನ ಉಬ್ಬಿಗೆ ತಾಗಿ ಚೆಂಡು ನಿಂತೇಬಿಟ್ಟಿತು. ಗೋಲು ಹೊಡೆದವನು ನನ್ನ ಬೆನ್ನು ತಟ್ಟಿ "ಥ್ಯಾಂಕ್ಸ್ ಗುರು" ಅಂದ. ಅವತ್ತಿಂದ ಗೋಲಿನ ಮುಂದೆ ಅಡ್ಡ ಪಾಸ್ ಇಲ್ಲ. ಸುಮ್ನೆ ಹೊರಗೆ ಒದೆಯುತ್ತೇನೆ. ಯಾರು ಬೇಕಾದರೂ ನಗಲಿ.

ಪೆನಾಲ್ಟಿ ಮಾತ್ರ ಅವನಿಂದ ಕಲಿಯೋಕೆ ಆಗಲಿಲ್ಲ. 2012ರ ಆಫ್ರಿಕಾ ಕಪ್ ಫೈನಲ್‌ನಲ್ಲಿ ಜಾಂಬಿಯಾ ಎದುರು ಟೈಬ್ರೇಕರ್. ಕೋಲೋ ಹೊಡೆದದ್ದನ್ನು ಕೀಪರ್ ತಡೆದ, ಐವರಿ ಕೋಸ್ಟ್ ಸೋತಿತು. ಅವತ್ತು ಜಾಂಬಿಯಾ ಕೋಚ್ ಆಗಿದ್ದ ಎರ್ವೆ ರೆನಾರ್ 2015ರಲ್ಲಿ ಐವರಿ ಕೋಸ್ಟ್‌ಗೇ ಕೋಚ್. ಘಾನಾ ವಿರುದ್ಧ ಮತ್ತೆ ಫೈನಲ್, ಮತ್ತೆ ಟೈಬ್ರೇಕರ್. ಕೋಲೋ ಮತ್ತೆ ನಡೆದುಕೊಂಡು ಹೋದ. ಹೊಡೆದ, ಗೋಲು. 9-8ರಲ್ಲಿ ಕಪ್ ಅವರದಾಯಿತು. ಅವನಿಗೆ ಆಗ ಮೂವತ್ತಮೂರು ವಯಸ್ಸು.

ಹೋದ ವರ್ಷ ನಮ್ಮ ಲೋಕಲ್ ಸೆಮಿಫೈನಲ್ ಕೂಡ ಟೈಬ್ರೇಕರ್‌ಗೆ ಹೋಯಿತು. ನಾಲ್ಕು ಹೆಸರು ಬರೆದಾಯಿತು. "ಐದನೇದು ಯಾರು?" ಅಂತ ಕ್ಯಾಪ್ಟನ್ ಎಲ್ಲರ ಮುಖ ನೋಡಿದ. ನಾನು ಬಗ್ಗಿ ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದೆ. ಲೇಸ್ ಬಿಚ್ಚಿರಲೇ ಇಲ್ಲ.