ಮಕ್ಕಳ ಜೊತೆ ಬಸ್ಸಲ್ಲೇ ಕರಾವಳಿ: ಮೊದಲು ಘಾಟಿ ಇಳಿಸುವುದು ಕಲಿಯಿರಿ

ಹಳೆ ಮಿನಿಬಸ್ಸಿಗೆ ಮಂಚ, ಒಲೆ, ನೀರಿನ ಟ್ಯಾಂಕ್ ಹಾಕಿಸಿ ಮಕ್ಕಳನ್ನು ಕರಾವಳಿ ಸುತ್ತಿಸಬೇಕು ಅನ್ನುವುದು ಒಳ್ಳೆಯ ಆಸೆ. ಆದರೆ ಮೈಸೂರಿನಿಂದ ಹೀಗೆ ಹೊರಟ ಹಲವರು ಎಡವುವುದನ್ನು ನೋಡಿದ್ದೇನೆ. ಹಿಂದಿನ ಮಂಚದ ಮೇಲೆ ಮಕ್ಕಳನ್ನು ಮಲಗಿಸಿ, ಕೈಗೆ ಮೊಬೈಲ್ ಕೊಟ್ಟು ಸಂಪಾಜೆ ಘಾಟಿ ಇಳಿಯುತ್ತಾರೆ. ಸುಳ್ಯ ಸೇರುವಷ್ಟರಲ್ಲಿ ಹಾಸಿಗೆಯೆಲ್ಲ ವಾಂತಿ, ಮಕ್ಕಳು ಸುಸ್ತು.

ಬಸ್ ಸಿದ್ಧತೆ

ಒಳಗಿನ ಬದಲಾವಣೆಗೆ ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಸಿಲಿಂಡರ್ ಅಲ್ಲಾಡದಂತೆ ಬಿಗಿದು ಕಟ್ಟಿ, ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಮಾಡಿ. ಕೂಲರ್ ಮಾತ್ರ ಕೊಳ್ಳಲೇಬೇಡಿ. ನೀರು ಆವಿಯಾದರೆ ತಾನೇ ಅದು ತಂಪು ಕೊಡುವುದು? ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಸೆಕೆ ಇನ್ನೂ ಜಾಸ್ತಿಯಾಗುತ್ತದೆ. ಎರಡು ಒಳ್ಳೆ ಫ್ಯಾನ್, ಎರಡೂ ಬದಿಯ ಕಿಟಕಿಗೆ ಸೊಳ್ಳೆ ಜಾಲರಿ ಸಾಕು.

ಘಾಟಿ

100 ಲೀಟರ್ ನೀರು ಅಂದರೆ 100 ಕಿಲೋ ತೂಕ. ಅದನ್ನು ಹೊತ್ತು ಮಡಿಕೇರಿ ಹತ್ತಿ ಇಳಿಯಬೇಕೇಕೆ? ಕುಡಿಯಲು ಕ್ಯಾನ್ ಇಟ್ಟುಕೊಂಡು ಟ್ಯಾಂಕ್ ಖಾಲಿ ಒಯ್ಯಿರಿ, ಸುಳ್ಯದಲ್ಲಿ ತುಂಬಿಸಿ. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದ್ದು. ತಿರುವಿನಲ್ಲಿ ನೀರು ಒಂದೇ ಬದಿಗೆ ನುಗ್ಗಿ ಗಾಡಿಯನ್ನು ವಾಲಿಸುತ್ತದೆ.

ಬೆಳಗಿನ ಐದಕ್ಕೇ ಮೈಸೂರು ಬಿಡಿ. ಕುಶಾಲನಗರದಲ್ಲಿ ತಿಂಡಿ. ಮಕ್ಕಳಿಗೆ ಇಡ್ಲಿ ಸಾಕು; ಪೂರಿ, ಎಣ್ಣೆ ದೋಸೆ, ಹಾಲು ಆ ದಿನ ಬೇಡ. ವಾಂತಿಯ ಮಾತ್ರೆ ಬೇಕಿದ್ದರೆ ಮಗುವಿನ ತೂಕಕ್ಕೆ ಎಷ್ಟು ಅಂತ ಡಾಕ್ಟರನ್ನು ಊರಲ್ಲೇ ಕೇಳಿಕೊಳ್ಳಿ. ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬೇಡಿ.

ಮಂಚ ಇರುವುದು ನಿಂತ ಬಸ್ಸಿಗೆ. ಚಕ್ರ ಉರುಳುತ್ತಿದ್ದರೆ ಮಕ್ಕಳು ಸೀಟಿನಲ್ಲೇ, ಬೆಲ್ಟ್ ಹಾಕಿಕೊಂಡೇ ಇರಬೇಕು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ ಅಂತ ಕಾನೂನೂ ಹೇಳುತ್ತದೆ. ಹಿಂಬದಿಯಲ್ಲಿ ಓಲಾಟ ಜಾಸ್ತಿ. ಅದಕ್ಕೇ ಮುಂದಿನ, ಹಿಂದಿನ ಚಕ್ರಗಳ ನಡುವಿನ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿಸಿ ಕೂರಿಸಿ. ಮೊಬೈಲ್ ಬೇಡವೇ ಬೇಡ. ಮೊಬೈಲ್ ನೋಡುವ ಕಣ್ಣಿಗೆ ಏನೂ ಅಲ್ಲಾಡಿದಂತೆ ಕಾಣುವುದಿಲ್ಲ; ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ಪ್ರತಿ ತಿರುವೂ ಗೊತ್ತಾಗುತ್ತದೆ. ಈ ಎರಡರ ತಿಕ್ಕಾಟಕ್ಕೇ ಹೊಟ್ಟೆ ತೊಳಸುವುದು.

ಪಕ್ಕದಲ್ಲಿ ಕೂತವರು ಮಗುವಿನ ಮುಖ ನೋಡುತ್ತಲೇ ಇರಬೇಕು. ಮಾತಾಡುತ್ತಿದ್ದ ಮಗು ಸುಮ್ಮನಾಯಿತು, ತುಟಿ ಬಿಳಿಚಿತು, ಆಕಳಿಸಿತು, ಪದೇ ಪದೇ ಉಗುಳು ನುಂಗಿತು ಅಂದರೆ ಇನ್ನು ತಡವಿಲ್ಲ. ಕಿಟಕಿ ತೆಗೆಯಿರಿ, ಕವರ್ ಕೈಗೆ ಕೊಡಿ, ಅಗಲ ಜಾಗ ಸಿಕ್ಕ ಕೂಡಲೇ ಇಳಿಸಿ ದೂರದ ಬೆಟ್ಟ ತೋರಿಸಿ. ಮಡಿಕೇರಿಯಿಂದ ಸಂಪಾಜೆಗೆ ಸಾವಿರ ಮೀಟರ್ ಆಸುಪಾಸು ಇಳಿಯುತ್ತೀರಿ, ಕಿವಿ ಕಟ್ಟುತ್ತದೆ. ಗುಟುಕು ಗುಟುಕಾಗಿ ನೀರು ಕುಡಿಸಿ. ಕೂಸಾದರೆ ಗಾಡಿ ನಿಲ್ಲಿಸಿ ಹಾಲು ಕೊಡಿ.

ಓಡಿಸುವವರು ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರ ಮಾತು ಕೇಳಬೇಡಿ. ಬ್ರೇಕ್ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ತಾನಾಗಿ ಆರಲು ಬಿಡಿ, ನೀರು ಸುರಿಯಬೇಡಿ.

ರಾತ್ರಿ

ಮರಳಿಗೆ ಬಸ್ ಇಳಿಸಬೇಡಿ. ತೆಂಗಿನ ಮರದ ಕೆಳಗೂ ನಿಲ್ಲಿಸಬೇಡಿ, ಕಾಯಿ ಬೀಳುತ್ತದೆ. ಹೋಂಸ್ಟೇ ಅಂಗಳದಲ್ಲೋ ದೇವಸ್ಥಾನದ ಪಾರ್ಕಿಂಗಿನಲ್ಲೋ ಕೇಳಿಕೊಂಡು ನಿಲ್ಲಿಸಿ. ಶೌಚಾಲಯವೂ ಸಿಗುತ್ತದೆ, ಪಕ್ಕದಲ್ಲಿ ಜನವೂ ಇರುತ್ತಾರೆ. ಹಗಲಿನಲ್ಲಿ ಗಾಳಿ ಕಡಲಿಂದ ಬೀಸಿದರೆ, ರಾತ್ರಿ ನೆಲದ ಕಡೆಯಿಂದ ಬೀಸುತ್ತದೆ. ಹಾಗಾಗಿ ಎರಡೂ ಬದಿಯ ಕಿಟಕಿ ತೆರೆದಿರಲಿ. ಎಸಿಗಾಗಿ ಇಂಜಿನ್ ಚಾಲೂ ಇಟ್ಟು ಮಲಗಬೇಡಿ, ಹೊಗೆಯ ವಿಷಾನಿಲ ಒಳಗೆ ಬಂದರೆ ಜೀವಕ್ಕೇ ಅಪಾಯ.

ಕಡಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ನೀರಿಗಿಳಿಸುವ ಯೋಚನೆಯೇ ಬೇಡ. ದಸರಾ ಮುಗಿದ ಮೇಲೆ ಹೊರಡಿ. ಮೊದಲ ಸಲಕ್ಕೆ ನಾನು ಹೇಳುವುದು ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಕಡಲತೀರಗಳು ಇವು. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅದನ್ನು ದಡದಿಂದಲೇ ನೋಡಿ, ಈಜಬೇಡಿ. ಗಾಳಿ ತುಂಬುವ ಟ್ಯೂಬನ್ನು ಕಡಲಿಗೆ ಒಯ್ಯಲೇಬೇಡಿ. ನೆಲದಿಂದ ಗಾಳಿ ಬೀಸಿದರೆ ಮಗು ಸಮೇತ ಒಳಕ್ಕೆ ತಳ್ಳಿಬಿಡುತ್ತದೆ. ಪಾದ ಮುಳುಗುವಷ್ಟು ನೀರಿನಲ್ಲೂ ಮಗು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರ ಇರಲಿ.

ಊರಿಗೆ ಬಂದ ವಾರದೊಳಗೆ ಬಸ್ಸಿನ ತಳಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಮೇಲೆ ಮಾತ್ರ ತೊಳೆದು ಬಿಟ್ಟರೆ ಉಪ್ಪು ಕೂತು ಚಾಸಿ ತುಕ್ಕು ಹಿಡಿಯುತ್ತದೆ.